ಎಡಗಿವಿಯ ಸಾಕ್ಷಿ

"ಸಹಿ ಹಾಕಿಬಿಡಿ ಮೇಡಂ, ಎಲ್ಲರೂ ಊಟಕ್ಕೆ ಏಳಬಹುದು," ಅಂದರು ಸಂಪಾದಕರು, ಪೆನ್ನನ್ನು ಮೇಜಿನ ಮೇಲಿದ್ದ ಕ್ಷಮಾಪಣೆ ಪತ್ರದ ಕಡೆಗೆ ಉರುಳಿಸುತ್ತಾ.

ಕತ್ತರಿ ಅದನ್ನು ವಾಪಸ್ಸು ಉರುಳಿಸಿದಳು. ಇದು ಮೂರನೇ ಸಲ.

"ಹಸಿದವರು ಧಾರಾಳವಾಗಿ ಊಟ ಮಾಡಿ. ಮಾಡದ ತಪ್ಪಿಗೆ ಸಹಿ ಹಾಕಿ ಅಭ್ಯಾಸ ಇಲ್ಲ ನನಗೆ."

ಕತ್ತರಿ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹದಿನೆಂಟು ವರ್ಷದಿಂದ ಈ ವಾರಪತ್ರಿಕೆಯಲ್ಲಿ 'ಹೊಸ ಸದ್ದು' ಅಂತ ಅಂಕಣ ಬರೆಯುತ್ತಾ, ಯಾರೂ ಕೇಳಿರದ ಆಲ್ಟರ್ನೇಟಿವ್ ರಾಕ್ ತಂಡಗಳನ್ನು ಹುಡುಕಿ ತಂದು, ಹೊಗಳಬೇಕಾದ್ದನ್ನು ಹೊಗಳಿ, ಕತ್ತರಿಸಬೇಕಾದ್ದನ್ನು ಮುಲಾಜಿಲ್ಲದೆ ಕತ್ತರಿಸಿದ್ದಕ್ಕೆ ಸಿಕ್ಕ ಬಿರುದು. ಎದುರಿಗೆ 'ಮೇಡಂ', ಬೆನ್ನ ಹಿಂದೆ 'ಕತ್ತರಿ'. ಅವಳಿಗೆ ಎರಡನೆಯದೇ ಹೆಚ್ಚು ಇಷ್ಟ.

ನಿನ್ನೆ ಬೆಳಿಗ್ಗೆ 'ತುಕ್ಕು' ಅನ್ನುವ ಹೊಸ ತಂಡದ ಮೊದಲ ಆಲ್ಬಮ್ಮು, ಬಿಡುಗಡೆಗೆ ಇನ್ನೂ ಎಂಟು ದಿನ ಇರುವಾಗಲೇ, ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಹರಿದಾಡಿತ್ತು. ಅದರ ಜೊತೆಗೇ ಒಂದು ಹೆಸರಿಲ್ಲದ ವಿಮರ್ಶೆ, ಅಕ್ಷರಕ್ಕಕ್ಷರ ಕತ್ತರಿಯ ಶೈಲಿಯಲ್ಲಿ.

"ಶೈಲಿ ಬಿಡಿ, ಶೈಲಿ ಯಾರು ಬೇಕಾದ್ರೂ ಕದೀಬಹುದು," ಅಂದಳು ಕತ್ತರಿ. "ಬೇರೆ ಏನಿದೆ ನಿಮ್ಮ ಹತ್ರ?"

ಸಂಪಾದಕರು ಎಂಜಿನಿಯರ್ ಕಡೆ ನೋಡಿದರು. ಆಲ್ಬಮ್ಮನ್ನು ರೆಕಾರ್ಡ್ ಮಾಡಿದವನು ಅವನೇ. ಐವತ್ತರ ಮನುಷ್ಯ, ಮೆತ್ತಗೆ ಮಾತಾಡುವವನು. ಬೀದಿಗೆ ಇಳಿದರೆ ಕಿವಿಗೆ ಹತ್ತಿ ತುರುಕಿಕೊಂಡೇ ನಡೆಯುತ್ತಾನೆ, ಹಾರನ್ ಸದ್ದಿಗೆ ಕಿವಿ ಸವೆಯಬಾರದಂತೆ.

"ಐದು ಜನ ವಿಮರ್ಶಕರಿಗೆ ಐದು ಸೀಡಿ ಕಳಿಸಿದ್ದೆ," ಅಂದ ಅವನು. "ಒಂದೊಂದರಲ್ಲೂ ಒಂದೊಂದು ಗುರುತು ಅಡಗಿಸಿಟ್ಟಿದೀನಿ. ಸೋರಿರೋದು ಮೂರನೇ ಸೀಡಿ. ನಿಮ್ಮದು."

"ಏನು ಗುರುತು?"

"ಅದನ್ನ ನನ್ನ ಹೆಂಡತಿಗೂ ಹೇಳಿಲ್ಲ."

ಗೋಡೆಗೆ ಒರಗಿ ನಿಂತಿದ್ದ ಹುಡುಗಿ ಈವರೆಗೆ ಬಾಯಿ ಬಿಟ್ಟಿರಲಿಲ್ಲ. 'ತುಕ್ಕು' ತಂಡದ ಡ್ರಮ್ಮರ್ ಅವಳು. ಹಗಲು ಗ್ಯಾರೇಜಿನಲ್ಲಿ ಕೆಲಸ, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು. ಎರಡು ವರ್ಷ ರಜಾದಿನವೆಲ್ಲ ಸುರಿದು ಮಾಡಿದ ಒಂಬತ್ತು ಹಾಡು. ಆಲ್ಬಮ್ಮಿಗೆ ಇಟ್ಟ ಹೆಸರು 'ಸುಮ್ಮನಿರಲ್ಲ'.

"ಕಂಪನಿಯವರು ಬಿಡುಗಡೆ ನಿಲ್ಲಿಸ್ತೀವಿ ಅಂತಿದಾರೆ," ಅಂದಳು. "ತಪ್ಪು ಮಾಡಿದೋರು ಯಾರು ಅಂತ ಇವತ್ತೇ ಗೊತ್ತಾಗಬೇಕಂತೆ. ನೀವು ಒಪ್ಕೊಂಡ್ರೆ ನಮ್ಮ ಆಲ್ಬಮ್ ಉಳಿಯುತ್ತೆ. ನಿಮ್ಮ ಒಂದು ಸಹಿ, ನಮ್ಮ ಎರಡು ವರ್ಷ."

ಈ ಮಾತು ಮಾತ್ರ ಕತ್ತರಿಗೆ ನಾಟಿತು. ಸಂಪಾದಕರ ಪೆನ್ನಿಗೆ ಬಗ್ಗದವಳು ಆ ಗ್ರೀಸು ಮೆತ್ತಿದ ಕೈ ನೋಡಿ ಒಂದು ಗಳಿಗೆ ತಡೆದಳು.

"ನಾಲ್ಕು ಗಂಟೆವರೆಗೆ ಟೈಮ್ ಕೊಡಿ," ಅಂದಳು. "ಮಾಡಿದೋರ ಹೆಸರು ತರ್ತೀನಿ. ತರದಿದ್ರೆ ಸಹಿ ಹಾಕಿ, ಅಂಕಣನೂ ಬಿಟ್ಟು ಹೋಗ್ತೀನಿ."

"ಬಿಟ್ಟು ಹೋಗೋ ಮಾತು ಯಾಕೆ ಮೇಡಂ?" ಅಂದರು ಸಂಪಾದಕರು. ಬೇಡ ಅನ್ನುವ ದನಿಯಂತೂ ಅದಾಗಿರಲಿಲ್ಲ.

ಹೊರಗೆ ಬಂದರೆ ಬಾಗಿಲ ಪಕ್ಕದಲ್ಲೇ ಫೈವ್‌ಸ್ಟಾರ್ ನಿಂತಿದ್ದ. ಪತ್ರಿಕೆಯ ಇನ್ನೊಬ್ಬ ವಿಮರ್ಶಕ, ಇಪ್ಪತ್ತಾರರ ಚಿಗುರು ಮೀಸೆ. ಯಾವ ಆಲ್ಬಮ್ ಬಂದರೂ ಐದಕ್ಕೆ ಐದು ನಕ್ಷತ್ರ ಕೊಡುವ ದೊಡ್ಡ ಮನಸ್ಸಿನವನು. ಕುತ್ತಿಗೆಗೆ ಸದಾ ತಟ್ಟೆಯಗಲದ ಹೆಡ್‌ಫೋನು.

"ನಾನೇನೂ ಕೇಳಿಸ್ಕೊಳ್ತಿರಲಿಲ್ಲ ಮೇಡಂ," ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕತ್ತರಿ ಮನಸ್ಸಿನಲ್ಲಿ ಅವನ ಹೆಸರಿನ ಮುಂದೆ ಒಂದು ಗೀಟು ಎಳೆದುಕೊಂಡಳು.

ಮನೆಗೆ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ. ಎಡಗಡೆ ಕಿಟಕಿಯ ಸೀಟು ಹುಡುಕಿ ಕೂತಳು. ಆರು ತಿಂಗಳಿಂದ ಎಲ್ಲಿ ಹೋದರೂ ಅವಳಿಗೆ ಎಡಗಡೆ ಗೋಡೆಯೋ ಕಿಟಕಿಯೋ ಬೇಕು. ಯಾಕೆ ಅಂತ ಈ ಭೂಮಿ ಮೇಲೆ ನಾಲ್ಕೇ ಜನಕ್ಕೆ ಗೊತ್ತು. ಒಬ್ಬಳು ಅವಳು, ಒಬ್ಬರು ಡಾಕ್ಟರು, ಇನ್ನೊಬ್ಬಳು ಅವಳ ಅಕ್ಕ, ಮತ್ತೊಬ್ಬ ರೇಡಿಯೋ ರಿಪೇರಿಯವನು.

ಆರು ತಿಂಗಳ ಹಿಂದೆ ನಾಲ್ಕು ದಿನ ಜ್ವರ ಬಂದಿತ್ತು. ಐದನೇ ದಿನ ಎದ್ದರೆ ಎಡಗಿವಿ ಬಾಗಿಲು ಹಾಕಿದ ಅಂಗಡಿ. ನರ ಸತ್ತಿದೆ, ಇನ್ನು ತೆರೆಯೋ ಮಾತಿಲ್ಲ ಅಂದಿದ್ದರು ಡಾಕ್ಟರು. ಸಂಗೀತ ವಿಮರ್ಶಕಿಗೆ ಒಂದು ಕಿವಿ ಇಲ್ಲ ಅಂತ ಹೊರಗೆ ಗೊತ್ತಾದರೆ ಹದಿನೆಂಟು ವರ್ಷದ ಅಂಕಣ ಒಂದೇ ವಾರದಲ್ಲಿ ನಗೆಪಾಟಲು. ಕುಂಟ ಓಟದ ತೀರ್ಪು ಹೇಳಬಹುದು, ಕಿವುಡಿ ಹಾಡಿನ ತೀರ್ಪು ಹೇಳಿದರೆ ಯಾರು ಕೇಳುತ್ತಾರೆ?

"ಎಡ ಬಲ ಎರಡೂ ಕಡೆ ಸದ್ದನ್ನ ಕಲಸಿ ಬಲಗಿವಿಗೇ ಹಾಕ್ಕೋಬಹುದಲ್ಲ," ಅಂದಿದ್ದ ಬೀದಿ ಕೊನೆಯ ರೇಡಿಯೋ ರಿಪೇರಿಯವನು.

"ಮಾಡಿದೋರು ಬೇರೆ ಬೇರೆ ಇಟ್ಟಿದಾರೆ. ಕಲಸೋಕೆ ನಾನ್ಯಾರು?" ಅಂದಿದ್ದಳು ಕತ್ತರಿ.

ಅದಕ್ಕೆ ಅವನು ಅವಳ ಹಳೇ ಹೆಡ್‌ಫೋನನ್ನು ನಡುವೆ ಸೀಳಿ, ಎರಡೂ ಬಟ್ಟಲಿಗೆ ಬೇರೆ ಬೇರೆ ಉದ್ದದ ವೈರು ಹಾಕಿ ಕೊಟ್ಟ. ಅವತ್ತಿನಿಂದ ಅಕ್ಕ ತಂಗಿ ಅಕ್ಕಪಕ್ಕ ಕುರ್ಚಿ ಹಾಕಿ ಕೂರುತ್ತಾರೆ. ಬಲದ ಬಟ್ಟಲು ತಂಗಿಗೆ, ಎಡದ ಬಟ್ಟಲು ಅಕ್ಕನಿಗೆ. ಅಕ್ಕ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಚೌಕಳಿ ಪುಸ್ತಕದಲ್ಲಿ ನಿಮಿಷ, ಸೆಕೆಂಡು ಹಾಕಿ ಎಡಗಿವಿಗೆ ಬಿದ್ದಿದ್ದನ್ನೆಲ್ಲ ಬರೆದುಕೊಳ್ಳುತ್ತಾಳೆ. ಮೊದಮೊದಲು "ಇದೇನೇ ಇದು, ಅಟ್ಟದಿಂದ ಡಬ್ಬ ಉರುಳಿಸಿದ ಹಾಗಿದೆ" ಅಂತ ಮುಖ ಸಿಂಡರಿಸುತ್ತಿದ್ದವಳು, ಈಗೀಗ "ಬೇಸ್ ಗಿಟಾರು ಅರ್ಧ ಹೆಜ್ಜೆ ಹಿಂದಿದೆ ನೋಡು" ಅನ್ನುವ ಮಟ್ಟಕ್ಕೆ ಬಂದಿದ್ದಳು.

ಮನೆಗೆ ಬಂದಾಗ ಅಕ್ಕ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡಳು, ಕೈ ನಿಲ್ಲಿಸಲಿಲ್ಲ.

"ಸಹಿ ಹಾಕಿಬಿಡೆ," ಅಂದಳು ಕೊನೆಗೆ.

"ಏನಂದೆ?"

"ಸಾಕು ಕಣೆ. ಹದಿನೆಂಟು ವರ್ಷ ಬರೆದಿದೀಯ. ಆ ಹುಡುಗೀರ ಆಲ್ಬಮ್ಮಾದ್ರೂ ಉಳೀಲಿ. ಕಿವಿ ವಿಷಯ ಮಾತ್ರ ಅಪ್ಪಿತಪ್ಪಿಯೂ ಬಾಯಿ ಬಿಡಬೇಡ."

"ನಿನ್ನ ತಂಗಿ ಕಳ್ಳಿ ಅಂತ ಊರೆಲ್ಲ ಅಂದ್ರೂ ಪರವಾಗಿಲ್ವಾ?"

ಅಕ್ಕ ಒದ್ದೆ ಟವಲನ್ನು ಎರಡು ಸಲ ಕೊಡವಿದಳು.

ಕತ್ತರಿ ಆ ಹೆಸರಿಲ್ಲದ ವಿಮರ್ಶೆಯ ಹಾಳೆಯನ್ನು ಊಟದ ಮೇಜಿನ ಮೇಲೆ ಹರವಿ ಕೂತಳು. ಎಷ್ಟು ಸಲ ಓದಿದರೂ ಮೈ ಉರಿಯುತ್ತಿತ್ತು. 'ಈ ಹುಡುಗಿಯರನ್ನು ಯಾರೂ ಮುದ್ದು ಮಾಡಬೇಡಿ. ಮುದ್ದು ಮಾಡಿದರೆ ಕೆಡುತ್ತಾರೆ. ಬೈದರೆ ಇನ್ನೊಂದು ಆಲ್ಬಮ್ ಮಾಡುತ್ತಾರೆ.' ಹೌದು, ಅವಳೇ ಬರೆಯಬೇಕಾಗಿದ್ದ ಮಾತು. ಅವಳಿಗಿಂತ ಒಂದು ಕೈ ಮೇಲಾಗಿಯೇ ಬರೆದಿದ್ದರು.

"ಬರೆದೋರು ಚೆನ್ನಾಗಿ ಬರೆದಿದಾರೆ ಬಿಡು," ಅಂದಳು ಅಕ್ಕ, ಭುಜದ ಹಿಂದಿನಿಂದ ಇಣುಕಿ.

"ಅದೇ ತಾನೆ ತೊಂದರೆ."

ಸೀಡಿ ಯಾರ ಯಾರ ಕೈ ದಾಟಿತ್ತು? ಸೋಮವಾರ ಆಫೀಸಿಗೆ ಬಂತು. ಒಂದು ಹಗಲೆಲ್ಲ ಸಂಪಾದಕರ ಮೇಜಿನ ಮೇಲಿತ್ತು. ಬೀಗ ಹಾಕದ ಆ ರೂಮಿಗೆ ಫೈವ್‌ಸ್ಟಾರ್ ಹತ್ತು ಸಲ ಹೋಗಿ ಬರುತ್ತಾನೆ. ಮಂಗಳವಾರ ಕತ್ತರಿ ಮನೆಗೆ ತಂದಳು, ಸಂಜೆ ಅಕ್ಕನ ಜೊತೆ ಕೂತು ಮೂರು ಸಲ ಕೇಳಿದಳು. ಮೂರು ಸಲ ಕೇಳದೆ ಒಂದಕ್ಷರ ಬರೆಯಬಾರದು ಅನ್ನುವುದು ಅವಳ ನೇಮ. ಗುರುವಾರ ಅದು ಜಗತ್ತಿನ ಪಾಲಾಯಿತು.

ಐದನೇ ಸಲ ಓದುವಾಗ ಕಣ್ಣು ಒಂದು ಸಾಲಿನ ಮೇಲೆ ನಿಂತಿತು.

'ನಾಲ್ಕನೇ ಹಾಡಿನ ಎರಡನೇ ಚರಣ ಮುಗಿಯುವಾಗ, ಎಡಗಡೆ ಯಾರೋ ಗಾಜಿನ ಲೋಟವನ್ನು ಉಗುರಿನಿಂದ ತಟ್ಟಿದಂತೆ ಒಂದೇ ಒಂದು ಸದ್ದು. ಈ ಗದ್ದಲದ ನಡುವೆ ಅಷ್ಟು ಚಿಕ್ಕದನ್ನು ಇಡಲು ಧೈರ್ಯ ಬೇಕು.'

ಎಡಗಡೆ.

ಕತ್ತರಿ ಆ ಪದದ ಮೇಲೆ ಬೆರಳಿಟ್ಟಳು. ಎಡಗಡೆಯ ಸದ್ದನ್ನು ಅವಳು ಕೇಳಿರಲು ಸಾಧ್ಯವೇ ಇಲ್ಲ! ಈ ಒಂದು ಸಾಲು ಸಾಕು ಅವಳನ್ನು ಉಳಿಸಲು. ಇದೇ ಸಾಲು ಸಾಕು ಅವಳನ್ನು ಮುಳುಗಿಸಲು. ನಿರಪರಾಧಿ ಅನ್ನಿಸಿಕೊಳ್ಳಬೇಕಾದರೆ ಕಿವುಡಿ ಅಂತ ಒಪ್ಪಿಕೊಳ್ಳಬೇಕು.

"ಅಕ್ಕಾ, ನಾಲ್ಕನೇ ಹಾಡಲ್ಲಿ ನಿನ್ನ ಕಡೆ ಲೋಟ ತಟ್ಟಿದ ಹಾಗೆ ಏನಾದ್ರೂ ಕೇಳಿಸ್ತಾ?"

"ಇಲ್ವಲ್ಲ."

"ಪುಸ್ತಕ ತಾ, ನೋಡೋಣ."

"ಅದು ತುಂಬಿ ಹೋಯ್ತು ಕಣೆ. ಅಟ್ಟದ ಮೇಲೆ ಎಸೆದೆ. ಈಗ ಯಾರು ಹತ್ತೋದು?" ಅಕ್ಕ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಮೂರು ಮನೆ ಆಚೆ ನಲ್ಲಿ ತೊಟ್ಟಿಕ್ಕಿದರೂ ಎದ್ದು ಕೂರುವ ಅಕ್ಕನಿಗೇ ಕೇಳಿಸಿಲ್ಲ ಅಂದಮೇಲೆ ಅದು ಸಾಧಾರಣ ಹೆಡ್‌ಫೋನಿಗೆ ಸಿಗುವ ಸದ್ದಲ್ಲ. ಹಾಗಾದರೆ ಯಾರ ಹತ್ತಿರ ಇದೆ ಊರಿಗೆಲ್ಲ ದೊಡ್ಡ ಹೆಡ್‌ಫೋನು? ಕತ್ತರಿಗೆ ಕುತ್ತಿಗೆ ಸುತ್ತ ತಟ್ಟೆ ನೇತುಹಾಕಿಕೊಂಡ ಚಿಗುರು ಮೀಸೆ ನೆನಪಾಯಿತು.

ಡಾಕ್ಟರ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದು ಏನೋ ಹೇಳಿದಳು. ಎಡಗಡೆ ನಿಂತು ಹೇಳಿದ್ದರಿಂದ ಕೇಳಿಸಲಿಲ್ಲ. ಟೈಮಾಯಿತು ಅಂತ ಕತ್ತರಿ ತಿರುಗಿಯೂ ನೋಡಲಿಲ್ಲ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಸಂಪಾದಕರ ರೂಮಿಗೆ ಹೋದರೆ ಗೋಡೆ ಪಕ್ಕದ ಅವಳ ಖಾಯಂ ಕುರ್ಚಿಯಲ್ಲಿ ಫೈವ್‌ಸ್ಟಾರ್ ಕೂತಿದ್ದ. ಏಳಿಸಬಹುದಿತ್ತು. ಬೇಡ ಅನ್ನಿಸಿತು. ಇನ್ನು ಗೋಡೆಯ ಆಸರೆ ಯಾಕೆ? ನಡುವಿನ ಕುರ್ಚಿ ಎಳೆದುಕೊಂಡು ಕೂತಳು. ಎದುರಿಗೆ ಎಂಜಿನಿಯರ್, ಬಲಕ್ಕೆ ಡ್ರಮ್ಮರ್ ಹುಡುಗಿ. ಎಡಗಡೆ ಒಂದು ಕುರ್ಚಿ ಖಾಲಿ.

"ಹೆಸರು ತಂದ್ರಾ?" ಅಂದರು ಸಂಪಾದಕರು.

"ತಂದಿದೀನಿ. ಅದಕ್ಕೆ ಮುಂಚೆ ಒಂದು ಪರೀಕ್ಷೆ. ಎಂಜಿನಿಯರ್ ಸಾರ್, ನಿಮ್ಮ ಹೆಡ್‌ಫೋನ್ ನನಗೆ ಹಾಕಿ. ನಾಲ್ಕನೇ ಹಾಡು ಬಿಡಿ. ಬಲಗಡೆದು ಪೂರ್ತಿ ಆಫ್ ಮಾಡಿ, ಬರೀ ಎಡಗಡೆದು."

ಅವನು ವಿಚಿತ್ರವಾಗಿ ನೋಡಿದ. ಆದರೂ ಲ್ಯಾಪ್‌ಟಾಪ್ ತೆರೆದ, ಹೆಡ್‌ಫೋನ್ ತೊಡಿಸಿದ. ಕತ್ತರಿ ಕೈ ಕಟ್ಟಿಕೊಂಡು ಕಾದಳು. ಎಂಜಿನಿಯರನ ಬೆರಳು ಏನೋ ಒತ್ತಿತು, ಇನ್ನೇನೋ ಮೇಲಕ್ಕೆ ಜರುಗಿಸಿತು. ಡ್ರಮ್ಮರ್ ಹುಡುಗಿ ಬೆಚ್ಚಿ ಅವಳ ಮುಖವನ್ನೇ ನೋಡತೊಡಗಿದಳು.

"ಬಿಡಿ ಸಾರ್, ಯಾಕೆ ತಡ?" ಅಂದಳು ಕತ್ತರಿ.

ಎಂಜಿನಿಯರ್ ನಿಧಾನವಾಗಿ ಅವಳ ಬಲಗಿವಿಯ ಬಟ್ಟಲನ್ನು ಸರಿಸಿ ಅಂದ, "ಬಿಟ್ಟು ಎರಡು ನಿಮಿಷ ಆಯ್ತು ಮೇಡಂ. ಫುಲ್ ವಾಲ್ಯೂಮು. ನಮ್ಮ ನಾಲ್ಕೂ ಜನಕ್ಕೆ ಇಲ್ಲಿಂದ ಕೇಳಿಸ್ತಿದೆ."

"ನನಗೆ ಕೇಳಿಸ್ತಿಲ್ಲ. ಆರು ತಿಂಗಳಿಂದ ಕೇಳಿಸ್ತಿಲ್ಲ," ಅಂದಳು ಕತ್ತರಿ. "ಡಾಕ್ಟರ ಚೀಟಿ ಇಲ್ಲಿದೆ, ನೋಡ್ಕೊಳ್ಳಿ. ಈಗ ಆ ವಿಮರ್ಶೆ ಓದಿ. ಎಡಗಡೆ ಲೋಟ ತಟ್ಟಿದ ಸದ್ದಂತೆ! ಯಾರ ಕಿವಿಗೆ ಹೂವಿಡ್ತಿದೀರ?"

ಸಂಪಾದಕರು ಮೇಜು ಸುತ್ತಿಕೊಂಡು ಬಂದು, ಚೀಟಿಯನ್ನು ಎತ್ತಿ ಓದುತ್ತಾ, ಅವಳ ಎಡಗಡೆಯ ಖಾಲಿ ಕುರ್ಚಿಯಲ್ಲಿ ಕೂತರು. ಅವರ ಮುಖ ಹುಳ್ಳಗಾಗಿತ್ತು.

"ಅಂದ್ರೆ ಆರು ತಿಂಗಳು ಒಂದು ಕಿವೀಲಿ ಕೇಳಿ ವಿಮರ್ಶೆ ಬರೆದ್ರಾ? ಓದುಗರಿಗೆ ಮೋಸ ಅಲ್ವಾ ಇದು?"

"ಒಬ್ಬ ಓದುಗ ದೂರು ಕೊಟ್ಟಿದ್ರೆ ತೋರಿಸಿ!" ಕತ್ತರಿ ಕುರ್ಚಿ ಸಮೇತ ಅವರ ಕಡೆ ತಿರುಗಿದಳು. "ಎರಡು ಕಿವಿ ಇರೋರು ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಡ್ತಾರೆ. ನನಗೆ ಬಿಡೋಕೆ ದಾರಿನೇ ಇಲ್ಲ. ಕೇಳಿದ್ದೆಲ್ಲ ಒಳಗೇ ಉಳಿಯುತ್ತೆ."

ಡ್ರಮ್ಮರ್ ಹುಡುಗಿ ಫಕ್ಕನೆ ನಕ್ಕುಬಿಟ್ಟಳು. ಆಮೇಲೆ ಗಂಭೀರಳಾಗಿ ಅಂದಳು, "ನಾಲ್ಕು ತಿಂಗಳ ಹಿಂದೆ ನಮ್ಮ ಶೋಗೆ ಬಂದಿದ್ರಿ. ಡ್ರಮ್ಮು ಗಿಟಾರಿಗಿಂತ ಮುಂದೆ ಓಡ್ತಿದೆ, ಬಸ್ಸು ತಪ್ಪಿಹೋಗೋ ಹಾಗೆ, ಅಂತ ಬರೆದಿದ್ರಿ. ಒಂದು ವಾರ ನಿಮ್ಮನ್ನ ಬೈಕೊಂಡೆ. ಆಮೇಲೆ ರೆಕಾರ್ಡಿಂಗ್ ಹಾಕಿ ಕೇಳಿದೆ. ನೀವು ಹೇಳಿದ್ದು ನಿಜ. ಎರಡು ಕಿವಿ ಇರೋ ಒಬ್ಬರೂ ಅದನ್ನ ಹೇಳಿರಲಿಲ್ಲ."

ಹದಿನೆಂಟು ವರ್ಷದಲ್ಲಿ ಕತ್ತರಿಗೆ ಸಿಕ್ಕ ವಿಮರ್ಶೆಗಳಲ್ಲಿ ಅತ್ಯುತ್ತಮವಾದದ್ದು ಇದೇ.

"ಅಂಕಣ ಬೇಕಾದ್ರೆ ತಗೊಳ್ಳಿ," ಅಂದಳು ಸಂಪಾದಕರಿಗೆ. "ನನ್ನ ಒಳ್ಳೇ ಹೆಸರು ಮಾತ್ರ ಕೊಡಲ್ಲ. ಈಗ ಕೇಳಿ. ಆ ಸದ್ದು ಸಾಮಾನ್ಯ ಹೆಡ್‌ಫೋನಿಗೆ ಸಿಗಲ್ಲ. ಈ ಆಫೀಸಲ್ಲಿ ಅಂಥ ಒಳ್ಳೇ ಹೆಡ್‌ಫೋನ್ ಇರೋದು ಒಬ್ಬರ ಕುತ್ತಿಗೇಲಿ."

ಎಲ್ಲರೂ ಗೋಡೆ ಪಕ್ಕಕ್ಕೆ ತಿರುಗಿದರು. ಫೈವ್‌ಸ್ಟಾರ್ ಹೆಡ್‌ಫೋನನ್ನು ಹಾವು ಸುತ್ತಿಕೊಂಡಂತೆ ಕಿತ್ತು ಮಡಿಲಿಗೆ ಹಾಕಿಕೊಂಡ.

"ಮೇಡಂ, ದೇವರಾಣೆಗೂ ಇಲ್ಲ! ನಾನು ಆ ಆಲ್ಬಮ್ಮೇ ಕೇಳಿಲ್ಲ!"

"ಕೇಳದೇನೇ ಐದು ಸ್ಟಾರ್ ಕೊಟ್ಟು ಮುಂದಿನ ವಾರಕ್ಕೆ ಪುಟ ಕಟ್ಟಿಸಿದ್ಯಲ್ಲೋ!"

"ಅದು... ಅದು ನಾನು ಯಾವಾಗಲೂ ಹಾಗೇ ಮೇಡಂ," ಅಂದ ಪಾಪ, ಅಳುವ ದನಿಯಲ್ಲಿ.

ಇಷ್ಟು ದಡ್ಡ ಸುಳ್ಳು ಯಾರೂ ಹೇಳುವುದಿಲ್ಲ. ಕತ್ತರಿಯ ಕಾಲಡಿಯ ನೆಲ ಕೊಂಚ ಅಲುಗಿತು.

ಎಂಜಿನಿಯರ್ ಅಷ್ಟು ಹೊತ್ತೂ ಲ್ಯಾಪ್‌ಟಾಪಿನ ಮೇಲೆ ಬಗ್ಗಿ, ಹೆಡ್‌ಫೋನಿನ ಎಡಬಟ್ಟಲನ್ನೊಂದೇ ಕಿವಿಗೆ ಒತ್ತಿಕೊಂಡು ಕೂತಿದ್ದ. ಅವನು ಈಗ ತಲೆ ಎತ್ತಿದ.

"ಇವನಲ್ಲ," ಅಂದ. "ಇವನಾಗಿರೋಕೆ ಸಾಧ್ಯ ಇಲ್ಲ. ಆ ವಿಮರ್ಶೆ ನಾನು ಪೂರ್ತಿ ಓದಿರಲಿಲ್ಲ. ಮೊದಲನೇ ಪ್ಯಾರಾ ನೋಡಿ ಸಿಟ್ಟು ಬಂದು ಬಿಟ್ಟಿದ್ದೆ. ಲೋಟದ ಸಾಲು ಈಗ ನೋಡಿದೆ." ಅವನು ಎಲ್ಲರ ಮುಖವನ್ನೂ ಒಮ್ಮೆ ನೋಡಿದ. "ಆ ಲೋಟ ನನ್ನ ಮನೇದು. ತಟ್ಟಿದ ಉಗುರು ನಂದು. ಅದೇ ಗುರುತು."

ಡ್ರಮ್ಮರ್ ಹುಡುಗಿ ಲ್ಯಾಪ್‌ಟಾಪಿನ ಕಡೆಗೆ ಬಗ್ಗಿದಳು.

"ಐದು ಸೀಡಿಗೆ ಐದು ಜಾಗದಲ್ಲಿ ಒಂದೊಂದು ಸಲ ತಟ್ಟಿದೀನಿ. ಮೂರನೇ ಸೀಡೀಲಿ ಮಾತ್ರ ನಾಲ್ಕನೇ ಹಾಡಲ್ಲಿ, ಎಡಗಡೆ. ಅದೇ ಕ್ಷಣಕ್ಕೆ ಬಲಗಡೆ ಈ ಹುಡುಗಿ ಡ್ರಮ್ಮು ಬೀಳುತ್ತೆ. ಬೇಕಂತಲೇ ಹಾಗಿಟ್ಟೆ. ಎರಡೂ ಕಿವಿಗೆ ಹಾಕ್ಕೊಂಡ್ರೆ ಡ್ರಮ್ಮು ಅದನ್ನ ನುಂಗಿಬಿಡುತ್ತೆ. ಎಷ್ಟೇ ದೊಡ್ಡ ಹೆಡ್‌ಫೋನ್ ತನ್ನಿ, ಮಾಡಿದ ನನಗೇ ಕೇಳಿಸಲ್ಲ. ಹತ್ತು ಸಲ ಪರೀಕ್ಷೆ ಮಾಡಿದೀನಿ."

"ಮತ್ತೆ ಬರೆದೋರಿಗೆ ಹೇಗೆ ಕೇಳಿಸ್ತು?" ಅಂದಳು ಡ್ರಮ್ಮರ್ ಹುಡುಗಿ.

"ಒಂದೇ ದಾರಿ ಇರೋದು. ಎಡಗಡೆದು ಮಾತ್ರ ಕಿವೀಲಿ ಇರಬೇಕು, ಬಲಗಡೆದು ಇರಬಾರದು. ಅರ್ಧ ಹೆಡ್‌ಫೋನಲ್ಲಿ ಹಾಡು ಕೇಳೋರು ಯಾರಿರ್ತಾರೆ?"

ಹುಡುಗಿ ಚುರುಕು. ಅವಳ ಕಣ್ಣು ಎಂಜಿನಿಯರನಿಂದ ಕತ್ತರಿಯ ಕಡೆಗೆ ಸರಿಯಿತು. "ಅರ್ಧ ಅವರ ಕಿವೀಲಿದ್ರೆ," ಅಂದಳು ನಿಧಾನವಾಗಿ, "ಇನ್ನರ್ಧ ಯಾರ ಕಿವೀಲಿತ್ತು?"

ಕತ್ತರಿಯ ಕಣ್ಣ ಮುಂದೆ ಮನೆ ಬಂತು.

ಎರಡು ಕುರ್ಚಿ. ಎರಡು ಉದ್ದದ ವೈರು. ಚೌಕಳಿ ಪುಸ್ತಕ. 'ಬರೆದೋರು ಚೆನ್ನಾಗಿ ಬರೆದಿದಾರೆ ಬಿಡು.' ಕೇಳಿಸ್ತಾ ಅಂದರೆ 'ಇಲ್ವಲ್ಲ' ಅಂದ ಅಕ್ಕ! ಅಯ್ಯೋ, ತನ್ನ ಹೆಸರು ಉಳಿಸಿಕೊಳ್ಳುವ ಭರದಲ್ಲಿ ಇಷ್ಟು ಜನರ ಮುಂದೆ ತಾನು ಕೈ ತೋರಿಸಿದ್ದು ಸ್ವಂತ ಮನೆಯ ಬಾಗಿಲಿಗೆ.

"ಆಯ್ತು, ಆಯ್ತು," ಅಂದರು ಸಂಪಾದಕರು ಅವಸರದಲ್ಲಿ. ಅವರತ್ತ ತಿರುಗಿದ್ದರಿಂದ ಕೇಳಿಸಿತು. "ಇವತ್ತಿಗೆ ಇಷ್ಟು ಸಾಕು. ಎಲ್ಲರಿಗೂ ತಲೆ ಬಿಸಿಯಾಗಿದೆ."

ಕತ್ತರಿ ಮತ್ತೆ ಮೇಜಿನ ಕಡೆ ತಿರುಗಿ, ಕೈ ಚಾಚಿ ಕ್ಷಮಾಪಣೆ ಪತ್ರವನ್ನು ತನ್ನ ಕಡೆ ಎಳೆದುಕೊಂಡಳು. "ಪೆನ್ನು ಕೊಡಿ."

"ಏನು?"

"ಸಹಿ ಹಾಕ್ತೀನಿ. ನಾನೇ ಬಿಟ್ಟಿದ್ದು. ನಾನೇ ಬರೆದಿದ್ದು. ಮುಗೀತಲ್ಲ?"

ಸಂಪಾದಕರು ತಕ್ಷಣ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿಯೇ ಕೊಟ್ಟರು. ಆದರೆ ಪತ್ರದ ಮೇಲೆ ಗ್ರೀಸು ಮೆತ್ತಿದ ಒಂದು ಅಂಗೈ ಬಂದು ಕೂತಿತು.

"ಈಗ ನೀವು ಹಾಕಿದ್ರೂ ನಾನು ಒಪ್ಪಲ್ಲ," ಅಂದಳು ಹುಡುಗಿ. "ಹತ್ತು ನಿಮಿಷದ ಹಿಂದೆ ನಾವೆಲ್ಲ ಕಣ್ಣಾರೆ ನೋಡಿದೀವಿ. ನಿಮಗೆ ಆ ಸದ್ದು ಕೇಳಿಸಿಲ್ಲ. ಬರೆದೋರು ನೀವಲ್ಲ."

"ನಾನೂ ಸಾಕ್ಷಿ," ಅಂದ ಎಂಜಿನಿಯರ್.

ಸುಳ್ಳು ಹೇಳಿ ಅಕ್ಕನನ್ನು ಉಳಿಸಲೂ ದಾರಿ ಇಲ್ಲದ ಹಾಗೆ ತನ್ನ ಕೈಯಾರೆ ತಾನೇ ಬಾಗಿಲು ಜಡಿದುಕೊಂಡಿದ್ದಳು ಕತ್ತರಿ. ಎಂಥ ಮೊಂಡುತನ ನನ್ನದು ಅಂತ ಮೊದಲ ಸಲ ತನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನು ಗಡಗಡ ಅಂದಿತು. ಪರದೆಯ ಮೇಲೆ ಎರಡೇ ಅಕ್ಷರ: ಅಕ್ಕ. ಸುತ್ತಲಿದ್ದವರೆಲ್ಲ ಓದಿದರು.

ಕತ್ತರಿ ಅದನ್ನು ಬಲಗಿವಿಗೆ ಹಿಡಿದಳು.

"ಸಹಿ ಹಾಕಿಬಿಟ್ಯಾ?" ಅಕ್ಕ ಏದುಸಿರು ಬಿಡುತ್ತಿದ್ದಳು. "ಹಾಕ್ಬೇಡ ಕಣೆ. ಬಾಗಿಲ ಹತ್ರ ಹೇಳೋಕೆ ಬಂದೆ, ನೀನು ಕೇಳಿಸ್ಕೊಳ್ಳದೆ ಹೋಗ್ಬಿಟ್ಟೆ. ಬರೆದಿದ್ದು ನಾನೇ."

"ಅಕ್ಕಾ..."

"ಮೂವತ್ತು ವರ್ಷ ಬರೀ ಮಕ್ಕಳ ಲೆಕ್ಕ ತಿದ್ದಿದೆ. ನಂದೂ ಅಂತ ಒಂದು ಬರಹ ಅಚ್ಚಾಗಲಿ ಅಂತ ಆಸೆ ಆಯ್ತು. ಬುಧವಾರ ಒಬ್ಬರಿಗೆ ತೋರಿಸಿದೆ. ನಿಮ್ಮ ತಂಗಿ ಹಾಗೇ ಬರೀತೀರಲ್ಲ, ನಿಮ್ಮ ಹೆಸರಲ್ಲೇ ಹಾಕ್ತೀನಿ, ತಂಗಿಗೆ ಮಾತ್ರ ಈಗಲೇ ಹೇಳಬೇಡಿ ಅಂತ ನಂಬಿಸಿ ಇಸ್ಕೊಂಡ್ರು. ಇಂಟರ್ನೆಟ್ಟಿಗೆ ಬಿಟ್ಟಿದ್ದು ನಾನಲ್ಲ ಕಣೆ, ನಿನ್ನಾಣೆ. ಪುಸ್ತಕ ಅಟ್ಟದಲ್ಲಿರಲಿಲ್ಲ, ತಂದಿದೀನಿ. ಅದರಲ್ಲಿ ಅವರ ಕೈಬರಹದಲ್ಲೇ ತಿದ್ದಿರೋದಿದೆ. ನಿಮ್ಮ ಆಫೀಸಿನ ಮೆಟ್ಟಿಲ ಕೆಳಗೇ ನಿಂತಿದೀನಿ."

"ಕೆಳಗಿದೀಯಾ?" ಕತ್ತರಿಯ ದನಿ ತಾನಾಗಿ ಏರಿತು. "ಪುಸ್ತಕ ನಿನ್ನ ಕೈಲೇ ಇದೆಯಾ? ಕೈಬರಹ ಯಾರದು? ಹೆಸರು ಹೇಳಕ್ಕ!"

"ಫೋನಲ್ಲಿ ಹೇಳಲ್ಲ. ನೀನು ಕೂತಿರೋ ರೂಮಲ್ಲೇ ಇದಾರೆ. ಮೊದ್ಲು ಹೊರಗೆ ಬಾ, ಬಂದು ನೀನೇ ನೋಡು."

ಕತ್ತರಿ ತಲೆ ಎತ್ತಿದಳು. ಎದುರಿಗೆ ಎಂಜಿನಿಯರ್. ಗೋಡೆ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಫೈವ್‌ಸ್ಟಾರ್. ಬಲಕ್ಕೆ ಡ್ರಮ್ಮರ್ ಹುಡುಗಿ, ಅಂಗೈ ಇನ್ನೂ ಪತ್ರದ ಮೇಲೆ. ಆದರೆ ಹುಡುಗಿಯ ನೋಟ ಕತ್ತರಿಯನ್ನು ದಾಟಿ, ಅವಳ ಎಡಕ್ಕೆ, ಬಾಗಿಲಿನ ಕಡೆಗಿತ್ತು.

ಕತ್ತರಿ ಎಡಕ್ಕೆ ತಿರುಗಿದಳು. ಕುರ್ಚಿ ಖಾಲಿ. ಬಾಗಿಲು ಅರ್ಧ ತೆರೆದುಕೊಂಡು ಇನ್ನೂ ಅಲುಗಾಡುತ್ತಿತ್ತು. ಸಂಪಾದಕರು ಎದ್ದದ್ದಾಗಲಿ, ಕುರ್ಚಿ ಸರಿಸಿದ್ದಾಗಲಿ, ಬಾಗಿಲು ತೆಗೆದದ್ದಾಗಲಿ ಒಂದೂ ಅವಳಿಗೆ ಕೇಳಿಸಿರಲಿಲ್ಲ.

"ಅಕ್ಕಾ, ಓಡು! ಪುಸ್ತಕ ಕೊಡಬೇಡ!"

ಫೋನಿನಲ್ಲಿ ಅಕ್ಕನ ದನಿ ಇತ್ತು, ಆದರೆ ಅದು ಅವಳಿಗಾಗಿ ಆಡಿದ ಮಾತಾಗಿರಲಿಲ್ಲ. ಹಿರಿಯರೊಡನೆ ಮಾತಾಡುವಾಗಿನ ಆ ಮೆತ್ತಗಿನ, ಸಂಕೋಚದ ದನಿ.

"ಓ... ನೀವೇ ಇಳಿದು ಬಂದ್ರಾ ಸಾರ್?"